ಆಂಡರ್ಸನ್‌ಪೇಟೆಯ ನಲ್ಲಿಯಲ್ಲಿ ತುಂಬಿದ ಸೀಸೆ

ರತ್ನಮ್ಮಕ್ಕ, ಆ ಸೀಸೆಯಲ್ಲಿದ್ದದ್ದು ನಮ್ಮೂರ ಬೋರ್‌ವೆಲ್ ನೀರಲ್ಲ.

ಪರೀಕ್ಷೆಗೆಂದು ಕೋಲಾರಕ್ಕೆ ನಾನೇ ಒಯ್ದ ಸೀಸೆ ಅದು. ಚೀಟಿಯ ಮೇಲೆ ಊರಿನ ಹೆಸರು, ಕೆಳಗೆ ಪಂಚಾಯಿತಿ ಸದಸ್ಯನೆಂದು ನನ್ನ ಸಹಿ. ಅದನ್ನು ತುಂಬಿದ್ದು ಆಂಡರ್ಸನ್‌ಪೇಟೆಯಲ್ಲಿ, ನನ್ನ ತಂಗಿಯ ಮನೆಯ ನಲ್ಲಿಯಲ್ಲಿ. ಬೇತಮಂಗಲದ ಕೆರೆಯಿಂದ ಬರುವ ಸಿಹಿನೀರು. ಆರು ವರ್ಷ ಇದು ನನ್ನೊಬ್ಬನಿಗೇ ಗೊತ್ತಿತ್ತು — ಇವತ್ತು ನಿನಗೆ ಗೊತ್ತಾಗಲಿ.

ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು ನೀನು. ಆ ಬೋರು ಕೊರೆದ ಮೂರನೇ ತಿಂಗಳಿಗೇ ನೀನು ನನ್ನ ಮನೆ ಬಾಗಿಲಿಗೆ ಬಂದೆ. "ಮೆಂಬ್ರಣ್ಣ, ಬೇಳೆ ಬೇಯಾಕಿಲ್ಲ. ಡಬರಿ ತಳದಾಗೆ ಬೂದಿ ತರ ಕೂತ್ಕಂತದೆ. ಮಕ್ಕಳು ಉಣ್ಣೋ ಅನ್ನ ಕಣಣ್ಣ, ಒಂದ್ಸಲ ನೀರು ಟೆಸ್ಟ್ ಮಾಡ್ಸು" ಅಂದೆ. ಓದು ಬರದವಳು ನೀನು. ಆದರೆ ಪಂಚಾಯಿತಿಯಲ್ಲಿ ಕೂತಿದ್ದ ನಮ್ಮೆಲ್ಲರಿಗಿಂತ ಮೊದಲು ನಿನ್ನ ಪಾತ್ರೆ ಅದನ್ನು ಓದಿತ್ತು.

ನಾನು ಮಾಡಿಸಬೇಕಿತ್ತು. ಆದರೆ — ಆ ಬೋರು ನನ್ನದು, ಅಕ್ಕ. ಬಂಗಾರಪೇಟೆಯ ತಾಲ್ಲೂಕು ಪಂಚಾಯಿತಿ ಕಚೇರಿಗೆ ಅಲೆದು, ಕಾಮಸಮುದ್ರದ ಕಡೆಗೆ ಹೊರಟಿದ್ದ ಬೋರ್ ಲಾರಿಯನ್ನು ನಮ್ಮೂರಿಗೆ ತಿರುಗಿಸಿಕೊಂಡು ಬಂದವನು ನಾನು. ಜಾಗ ತೋರಿಸಿದವನೂ ನಾನೇ. ಬಂದ ಎಂಜಿನಿಯರು ಮಳೆನೀರು ನಿಲ್ಲುವ ಕುಂಟೆಯ ಮೇಲುಗಡೆ ನೋಡೋಣ ಅಂದಿದ್ದರು. ಅಲ್ಲಿ ಎರಡು ಮನೆಯವರ ಬದುವಿನ ಜಗಳವಿತ್ತು. ಚಿನ್ನದ ಗಣಿಯವರು ಸುರಿದುಹೋದ ಸೈನೈಡ್ ದಿಬ್ಬದ ಕೆಳಗಿನ ಸರ್ಕಾರಿ ಜಾಗದಲ್ಲಿ ಯಾರ ತಕರಾರೂ ಇಲ್ಲ, ಲಾರಿ ಬರಲು ದಾರಿಯೂ ಇದೆ — ಇಲ್ಲೇ ಕೊರೀರಿ ಅಂದೆ. ಗಾಳಿ ಬೀಸಿದರೆ ದಿಬ್ಬದ ಬಿಳಿ ಮಣ್ಣು ನಮ್ಮ ತಟ್ಟೆಯವರೆಗೆ ಬರುತ್ತದೆ. ಮಳೆ ಬಂದರೆ ಅದು ಎಲ್ಲಿಗೆ ಇಳಿಯುತ್ತದೆ ಎಂದು ಆ ಹೊತ್ತು ಯೋಚಿಸಲಿಲ್ಲ. ನೀರು ಚಿಮ್ಮಿತು. ನನಗೆ ಹಾರ ಹಾಕಿದರು. ಪರೀಕ್ಷೆಯಲ್ಲಿ ನೀರು ಕೆಟ್ಟದ್ದೆಂದು ಬಂದಿದ್ದರೆ, ಯಾರೂ ಕುಡಿಯಬಾರದೆಂದು ಬೋರಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ಚುನಾವಣೆಗೆ ಎಂಟು ತಿಂಗಳಿತ್ತು. ಆ ಕೆಂಪು ನನ್ನ ಮುಖಕ್ಕೇ ಬಳಿದಂತೆ ಅನ್ನಿಸಿತು.

ಹಸು ವ್ಯಾಪಾರದವನು ನಾನು. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾ ಮೇಲೆ ಬಂದವನು. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತೇನೆ: ಹಸು ಕೊಳ್ಳುವಾಗ ಮಾರುವವನ ಕೈಲಿ ಹಾಲು ಕರೆಸಬೇಡಿ, ನೀವೇ ಕರೆದು ನೋಡಿ, ಮೂರು ಹೊತ್ತು ನೋಡಿ. ನೀನು ಸೀಮೆಹಸು ಕೊಳ್ಳಲು ಹೋದಾಗಲೂ ಹೇಳಿದ್ದೆ, ನೆನಪಿದೆಯಾ? ಅಂಥವನ ಕೈಗೇ ಊರು ಸೀಸೆ ಕೊಟ್ಟು ಕಳಿಸಿತು. ಮಾರುವವನೇ ಹಾಲು ಕರೆದ — ಯಾರೂ ಪಕ್ಕದಲ್ಲಿ ನಿಲ್ಲಲಿಲ್ಲ.

ವರದಿ ಬಂತು. ಕುಡಿಯಲು ಯೋಗ್ಯ.

ಅಷ್ಟಕ್ಕೇ ನಿಲ್ಲಿಸಿದ್ದರೆ... ಇಲ್ಲ, ನಿಲ್ಲಿಸಲಿಲ್ಲ. ಶಾಲೆಯ ಅಂಗಳದ ಗ್ರಾಮಸಭೆಯಲ್ಲಿ ನೀನು ಮತ್ತೆ ಎದ್ದು ನಿಂತೆ. "ಕಾಗ್ದ ಏನಾರ ಏಳ್ಲಿ, ಬೇಳೆ ಬೇಯಾಕಿಲ್ಲ" ಅಂದೆ. ನಾನು ಮನೆಯಿಂದ ತಂದಿದ್ದ ಚೊಂಬನ್ನು ಎತ್ತಿ, ಎಲ್ಲರೂ ನೋಡುವಂತೆ ಗಟಗಟನೆ ಕುಡಿದೆ. "ನೋಡ್ರಪ್ಪಾ, ಬೋರ್ ನೀರು ನಾನೇ ಕುಡ್ದೆ. ಇನ್ಯಾರಿಗ್ರೋ ಭಯ?" ಅಂದೆ. ಹಿಂದಿನಿಂದ ಯಾರೋ ಕೂಗಿದರು: "ರತ್ನಕ್ಕಾ, ನೀರಿಗಲ್ಲ, ನಿನ್ ಬಾಯ್ಗೊಂದು ಟೆಸ್ಟ್ ಮಾಡ್ಸು!" ಊರು ನಕ್ಕಿತು. ನಾನೂ ನಕ್ಕೆ. ನೀನು ಸೆರಗು ಸರಿಮಾಡಿಕೊಂಡು ಕೂತೆ.

ಆ ಚೊಂಬಿನಲ್ಲಿದ್ದದ್ದೂ ಆಂಡರ್ಸನ್‌ಪೇಟೆಯ ನೀರೇ. ನನ್ನ ಮನೆಯವರು ಇವತ್ತಿಗೂ ಕುಡಿಯುವುದು ಅದನ್ನೇ — ಎರಡು ದಿನಕ್ಕೊಮ್ಮೆ ಕ್ಯಾನಿನಲ್ಲಿ ತರುತ್ತೇನೆ. ಬೋರ್ ನೀರು ನಮ್ಮಲ್ಲಿ ಬಟ್ಟೆಗೆ, ಕೊಟ್ಟಿಗೆ ತೊಳೆಯಲಿಕ್ಕೆ. ಹಸುಗಳಿಗೂ ಕುಡಿಸಿಲ್ಲ, ಅಕ್ಕ. ಹಸುಗಳಿಗೂ.

ಊರನ್ನು ಹೆದರಿಸುತ್ತಾಳೆಂದು ನಿನ್ನನ್ನು ಅಡುಗೆಯಿಂದ ಬಿಡಿಸಿದರಲ್ಲ, ಆ ಮಾತು ಎತ್ತಿದ್ದೂ ನಾನೇ. ನೀನು ಕೂಲಿಗೆ ಹೊರಟೆ. ಆದರೂ ಒಂದು ದಿನವೂ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಮೆಂಬರೇ ಕುಡಿದ ಮೇಲೆ ನನ್ನದೇ ತಪ್ಪಿರಬೇಕು ಅಂದುಕೊಂಡೆಯಂತೆ. ಬೇಳೆಗೆ ಸೋಡಾ ಹಾಕಿ ಬೇಯಿಸುವುದನ್ನು ಕಲಿತೆಯಂತೆ.

ಹೋದ ತಿಂಗಳು ನಿನ್ನ ಕಾಲು ಊದಿಕೊಂಡು, ನನ್ನ ವ್ಯಾನಿನಲ್ಲೇ ಆಸ್ಪತ್ರೆಗೆ ಹೋದೆವು. ಕಿಡ್ನಿ ಅಂದರು. ಡಾಕ್ಟರು ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ನೀನು ನನ್ನತ್ತ ಕೈ ತೋರಿಸಿದೆ. "ನೀರು ಚೆನ್ನಾಗೈತೆ ಸಾರ್. ಇವ್ರೇ ಎಲ್ರ ಮುಂದೆ ಕುಡುದ್ ತೋರ್ಸವ್ರೆ." ಡಾಕ್ಟರು ನನ್ನನ್ನು ನೋಡಿದರು. ನಾನು — ತಲೆಯಾಡಿಸಿದೆ.

ನಿನ್ನ ಕಾಯಿಲೆಗೆ ಆ ನೀರೇ ಕಾರಣವೋ ಅಲ್ಲವೋ, ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ಹೇಳಿಬಿಡೋಣ ಎಂದು ಮೊನ್ನೆ ಮಧ್ಯಾಹ್ನ ನಿನ್ನ ಮನೆಗೆ ಬಂದೆ. ನೀನು ಗೋಡೆ ಹಿಡಿದು ಎದ್ದು ಕಾಫಿ ಮಾಡಿದೆ. ಲೋಟ ನನ್ನ ಮುಂದಿತ್ತು. ಕೈ ಮೇಲೇಳಲಿಲ್ಲ. "ಯಾಕ್ ಮೆಂಬ್ರಣ್ಣ, ಆರೋಯ್ತದೆ ಕುಡಿ" ಅಂದೆ. ನಾನು ಶುಗರ್ ಬಂದಿದೆ ಎಂದು ಸುಳ್ಳು ಹೇಳಿದೆ — ಅವತ್ತೂ ಸುಳ್ಳು. "ಅಯ್ಯೋ, ಮೊದ್ಲೇ ಏಳ್ಬಾರ್ದಾ" ಎಂದು ಚೆಲ್ಲಲು ಮನಸ್ಸಾಗದೆ ಆ ಲೋಟವನ್ನು ನೀನೇ ಎತ್ತಿ ಕುಡಿದೆ. ನಾನು ನೋಡುತ್ತಾ ಕೂತಿದ್ದೆ. ಕೈ ಹಿಡಿದು ತಡೆಯಬಹುದಿತ್ತು. ಒಂದು ಅಡಿ ದೂರ. ತಡೆಯಲಿಲ್ಲ...

ನಿನ್ನೆ ಬೆಳಿಗ್ಗೆ ಪಂಚಾಯಿತಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಕಾರ್ಯದರ್ಶಿ ಓದಿ ಬಾಗಿಲು ಮುಂದೆ ಮಾಡಿದರು. "ಹಳೇದ್ಯಾಕೆ ಕೆದಕ್ತೀರಿ? ಸದ್ದಿಲ್ದೆ ಹೊಸ ಸ್ಯಾಂಪಲ್ ಕಳ್ಸೋಣ. ಕೆಟ್ಟದ್ದು ಅಂತ ಬಂದ್ರೆ ಈಗ ಕೆಟ್ಟಿದೆ ಅಂದ್ರಾಯ್ತು" ಅಂದರು. ಒಳ್ಳೆಯ ವ್ಯಾಪಾರ. ನನ್ನ ಹೆಸರೂ ಉಳಿಯುತ್ತದೆ, ಬೋರೂ ಬಂದ್ ಆಗುತ್ತದೆ. ಬೇರೆಯವರಿಗೆ ನಾನೇ ಕೊಡಬಹುದಾಗಿದ್ದ ಸಲಹೆ. ಆದರೆ ನಿನ್ನನ್ನು ನೋಡಿ ನಕ್ಕ ನಗು ಹಾಗೇ ಉಳಿದುಬಿಡುತ್ತದಲ್ಲ. ಬೇಡ, ನನ್ನ ಕಾಗದಕ್ಕೆ ಮೊಹರು ಹಾಕಿಕೊಡಿ ಅಂದೆ.

ಗುರುವಾರ ಗ್ರಾಮಸಭೆ. ಸೀಸೆಯನ್ನು ಬೋರಿನ ಹತ್ತಿರವೇ, ಎಲ್ಲರೂ ನೋಡುತ್ತಿರುವಾಗಲೇ ತುಂಬಬೇಕು, ಕೋಲಾರಕ್ಕೆ ಊರ ಹೆಂಗಸರು ಒಯ್ಯಬೇಕು, ನನ್ನ ಕೈ ಅದಕ್ಕೆ ತಾಗಬಾರದು ಎಂದು ಕೇಳುತ್ತೇನೆ. ನೀನು ಎದ್ದು ನಿಂತಿದ್ದ ಜಾಗದಲ್ಲೇ ನಿಂತು ಇದೆಲ್ಲ ಹೇಳುತ್ತೇನೆ. ಉಗಿದರೆ ಉಗಿಯಲಿ. ನೀನು ಬರುವುದಿದ್ದರೆ ಬಾ. ನನ್ನ ಮುಖ ನೋಡಲಾಗದಿದ್ದರೆ ಬೇಡ.

ಆದರೆ ಗುರುವಾರಕ್ಕೆ ಇನ್ನೂ ಎರಡು ದಿನ. ಅದಕ್ಕೇ ಈ ಕಾಗದವನ್ನು ನಿನ್ನ ಮಗಳ ಕೈಗೆ ಕೊಟ್ಟಿದ್ದೇನೆ, ಜೊತೆಗೆ ಬೇತಮಂಗಲದ ನೀರಿನ ಎರಡು ಕ್ಯಾನು ಬಾಗಿಲಲ್ಲಿಟ್ಟಿದ್ದೇನೆ. ಶಾಲೆಗೂ ಇಳಿಸಿ ಬಂದಿದ್ದೇನೆ. ಜಯಮ್ಮ, ಓದುತ್ತಿರುವವಳು ನೀನು — ನಿನ್ನ ಅಮ್ಮ ನಂಬುವುದಿಲ್ಲ, ಮೆಂಬ್ರಣ್ಣನೇ ಕುಡಿದಿದ್ದಾನೆ ಅನ್ನುತ್ತಾಳೆ. ಗಟ್ಟಿಯಾಗಿ ಎರಡು ಸಲ ಓದಿ ಹೇಳಮ್ಮ: ಅವನು ಕುಡಿದಿಲ್ಲ. ಆ ನೀರನ್ನು ಅವನು ಒಂದು ಗುಟುಕೂ ಕುಡಿದಿಲ್ಲ.