ಅತ್ತೆ ಸವರಿದ ಲಾಳಿ ಮೂತಿ

ಮೊನ್ನೆ ಪೇಟೆಯಿಂದ ತಂದ ಆರು ಸ್ಟೀಲ್ ಲೋಟಗಳನ್ನು ಸೊಸೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ನನ್ನ ಬೆರಳು ತಾನಾಗಿಯೇ ಒಂದರ ಅಂಚನ್ನು ಸುತ್ತಿ ಬಂತು. "ಶುರು ಆತ ನೋಡ್ರಿ," ಎಂದು ಅವಳು ನಕ್ಕಳು. ಏನು ಮಾಡಲಿ, ಈ ಚಾಳಿ ನನಗೆ ಅತ್ತೆಯಿಂದ ಅಂಟಿದ್ದು.

ನನ್ನನ್ನು ನೋಡಲು ಶಿರೂರಿಗೆ ಬಂದಾಗ ಅವರು ನನ್ನ ಮುಖ ನೋಡಿದ್ದಕ್ಕಿಂತ ನೀರಿನ ಲೋಟದ ಅಂಚು ಸವರಿದ್ದೇ ಹೆಚ್ಚು. ಲೋಟ ತೊಳೆದಿಲ್ಲವೆಂದು ತಿಳಿದರೇನೋ ಎಂದು ನಮ್ಮವ್ವ ಬೆವರಿದ್ದಳು. ಗುಟ್ಟು ತಿಳಿದದ್ದು ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ. ಎಪ್ಪತ್ತರ ದಶಕದ ಮಾತು. ಮನೆಯ ಮುಂಭಾಗದಲ್ಲೇ ಲೇಥ್ ಯಂತ್ರವಿತ್ತು. ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಎರಡು ತುದಿಗೂ ಕೂರಿಸುವ ಲೋಹದ ಮೂತಿಗಳನ್ನು ನನ್ನ ಗಂಡ ಅದರಲ್ಲಿ ಕಡೆಯುತ್ತಿದ್ದರು. ಹಾಗೆ ಕಡೆದ ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಬಿರು ಉಳಿಯುತ್ತದೆ. ಲಾಳಿ ಓಡುವಾಗ ಅದೇ ಸಿಬಿರು ರೇಷ್ಮೆಯ ಎಳೆಗಳನ್ನು ಹರಿಯುತ್ತದೆ. ಅದಕ್ಕೇ ಅರದಿಂದ ಉಜ್ಜಿ, ಪಾಲಿಶ್ ಕಾಗದದಿಂದ ತಿಕ್ಕಿ, ಕೊನೆಗೆ ಅತ್ತೆಯ ಮುಂದಿಡಬೇಕು. ಅವರು ಹೊಸ್ತಿಲಲ್ಲಿ ಕುಳಿತು, ಬೀದಿಯವರೊಡನೆ ಹರಟುತ್ತಲೇ ಒಂದೊಂದನ್ನೂ ಸವರಿ, ಒರಟಾದದ್ದನ್ನು ಬದಿಗೆ ಎಸೆಯುವರು. ಗಂಡ ಮುಖ ಉಬ್ಬಿಸಿದರೆ, "ಹೊಳಪು ನೀನ ಇಟಗೋ, ನುಣುಪು ತೋರಸು," ಎನ್ನುವರು. ಅವರು ಪಾಸು ಮಾಡಿದ ಮೇಲೆ ಮತ್ತೆ ಯಾರೂ ನೋಡುತ್ತಿರಲಿಲ್ಲ.

ಹಲವು ವರ್ಷ ಹೀಗೇ ನಡೆಯಿತು. ಒಂದು ದಿನ ಗುಡೂರಿನ ನೇಕಾರ್ತಿ ಗಂಗವ್ವ ಬಂದು ಲಾಳಿಯನ್ನು ನಮ್ಮೆದುರು ಇಟ್ಟಳು. "ಎಳಿ ಹರ್ಯಾಕತ್ತಾವ್ರಿ. ಮಗಳ ಮದವಿ ಸೀರಿ ಇದು. ಜಲ್ಮದಾಗ ಒಂದ ಸೀರಿ ನಮ್ಮ ಮನಿ ಸಲುವಾಗಿ ನೇಯಾಕತ್ತಿದ್ದೆ."

ಗಂಡ ಮೂತಿ ಮುಟ್ಟಿ ತಟ್ಟನೆ ಬೆರಳು ಹಿಂದೆಗೆದರು. ಅತ್ತೆ ಅದನ್ನು ಕಸಿದುಕೊಂಡು ಸವರಿದರು, ಕೈ ಬದಲಿಸಿ ಮತ್ತೆ ಸವರಿದರು. "ನುಣ್ಣಗ ಐತಲ್ಲೋ," ಎಂದರು.

ಸಕ್ಕರೆ ಕಾಯಿಲೆಯಿಂದ ಅತ್ತೆಯ ಪಾದಗಳು ಜೋಮು ಹಿಡಿಯುವುದು ಗೊತ್ತಿತ್ತು. ಬೆರಳಿನ ಮಾತು ಯಾರೂ ಎತ್ತಿರಲಿಲ್ಲ. "ಅರಾ ನಾನ ಸರಿಯಾಗಿ ಹೊಡದಿಲ್ಲ ಬೇ," ಎಂದು ಗಂಡ ತಪ್ಪನ್ನು ಮೈಮೇಲೆ ಎಳೆದುಕೊಂಡರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ತಮ್ಮ ಸೆರಗಿನಿಂದ ಒಂದು ರೇಷ್ಮೆ ಎಳೆ ಕಿತ್ತು ಮೂತಿಯ ಮೇಲೆ ಎಳೆದರು. ಅದು ಸಿಕ್ಕಿಕೊಂಡಿತು.

"ಗಂಗವ್ವಾ, ತಪ್ಪ ನಂದು. ನನ್ನ ಬೆರಳಿಗೆ ತಿಳಿಯೂದು ನಿಂತೈತಿ," ಎಂದರು, ಮನೆಯಲ್ಲಿ ಎಣ್ಣೆ ಮುಗಿದಿದೆ ಎನ್ನುವಷ್ಟೇ ಸಲೀಸಾಗಿ. ಗಂಗವ್ವನೇ ಸಮಾಧಾನ ಹೇಳಿದಳು: "ಗಂಟು ಹಾಕ್ತೇನ್ರಿ. ನಿರಿಗ್ಯಾಗ ಮುಚ್ಚಿ ಹೋಗ್ತಾವ."

ಅವಳು ಹೊಸ ಮೂತಿ ಒಯ್ದ ಮೇಲೆ ಅತ್ತೆ ಬುಟ್ಟಿಯನ್ನು ನನ್ನ ಕಡೆ ನೂಕಿದರು. "ಇನ್ನ ನೀ ನೋಡವಾ." ಮರುದಿನವೂ ಹೊಸ್ತಿಲಲ್ಲೇ ಕುಳಿತರು, ಹರಟಿದರು. ಕೈಗಳನ್ನು ಮಾತ್ರ ಎಲ್ಲಿಡಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಮಡಿಲಲ್ಲಿ, ಒಮ್ಮೆ ಸೆರಗಿನ ಒಳಗೆ. ನನಗೆ ನೋಡಲಾಗಲಿಲ್ಲ.

ಲೋಟದ ಮಾತು ಅರ್ಧಕ್ಕೆ ಬಿಟ್ಟೆ. ಆರನ್ನೂ ಸವರಿ, "ಎಲ್ಲಾ ಛಲೋ ಅದಾವ," ಎಂದೆ. ಸೊಸೆ ಒಂದನ್ನು ತೊಳೆದು ನೀರು ಕುಡಿದವಳು "ಸ್ಸ್" ಎಂದು ತುಟಿ ಹಿಡಿದುಕೊಂಡಳು. ಬೆರಳಿಗೆ ರಕ್ತ ಹತ್ತಿತ್ತು.

ನಾನು ಸೆರಗಿನಿಂದ ಒಂದು ಎಳೆ ಕಿತ್ತು ಆ ಅಂಚಿನ ಮೇಲೆ ಎಳೆದೆ. ಸಿಕ್ಕಿಕೊಂಡಿತು.

"ಉಳದದ್ದು ನೀ ನೋಡವಾ," ಎಂದು ಲೋಟಗಳನ್ನು ಅವಳ ಕಡೆ ಸರಿಸಿದೆ. ಆಮೇಲೆ ಕೈ ಎಲ್ಲಿಡಬೇಕೋ ನನಗೂ ತಿಳಿಯಲಿಲ್ಲ.