ಎರೆಮಣ್ಣಿಗೆ ಕಾಕಾ ಇಳಿಸಿದ ಗಾಳಿ

ಬೆಳಗಿನ ಜಾವ ಮೂರೂವರೆ. ಮನೆ ಮುಂದಿನ ಕೆಸರಿನಲ್ಲಿ ಹೂತ ಗಾಡಿಯೊಂದರ ಚಕ್ರ ಗರಗರ ತಿರುಗುವ ಸದ್ದಿಗೆ ಎಚ್ಚರವಾಯಿತು. ಮಗುವನ್ನು ತಟ್ಟಿ ಮಲಗಿಸಿದೆ. ನನಗೆ ನಿದ್ದೆ ಬರಲಿಲ್ಲ. ಈ ಸದ್ದನ್ನು ನಾನು ಮೊದಲು ಕೇಳಿದ್ದು ಚಿಕ್ಕವಳಿದ್ದಾಗ, ಯಲಬುರ್ಗಾದ ನಮ್ಮ ಓಣಿಯ ಕಂಪ್ಯೂಟರ್ ಅಂಗಡಿಯಲ್ಲಿ, ರೇಸಿನ ಆಟದೊಳಗೆ.

ನಾನು ಯಾವಾಗಲೂ ಕೆಂಪು ಕಾರನ್ನೇ ಆರಿಸಿ, ಕೆಸರಿನಲ್ಲಿ ಹೂತು ಸೋಲುತ್ತಿದ್ದೆ. ಕುಷ್ಟಗಿಗೆ ಬಾಡಿಗೆ ಜೀಪು ಓಡಿಸುತ್ತಿದ್ದ ಕಾಕಾ ಒಂದು ಸಂಜೆ ನನ್ನನ್ನು ಕರೆಯಲು ಬಂದವನು, ಬೀಡಿ ವಾಸನೆಯ ಅಂಗಿಯಲ್ಲಿ ಬೆನ್ನ ಹಿಂದೆ ನಿಂತು ನಕ್ಕ.

"ಬಣ್ಣ ನೋಡಿ ಆರಿಸಾಕ ಇದೇನು ಸೀರಿ ಅಂಗಡಿಯೇನವಾ? ಮಣ್ಣು ನೋಡು. ಇದು ಎರಿ ಮಣ್ಣು. ಹಗುರ ಗಾಡಿ ತಗೋ, ಟೈರಿನ ಗಾಳಿ ಇಳಿಸು."

"ಮುಂದ ಕಲ್ಲಿನ ದಾರಿ ಐತಿ ಕಾಕಾ. ಗಾಳಿ ಕಡಿಮಿ ಇದ್ರ ಗಾಡಿ ಉರುಳಿ ಬೀಳತೈತಿ."

"ಹೌದಲ್ಲ! ಹೋಗು, ಚಾ ತಗೊಂಡು ಬಾ. ನೋಡ್ತೀನಿ."

ಚಹಾ ತರುವಷ್ಟರಲ್ಲಿ ಅವನು ಆಟದ ಗಾಡಿಯಲ್ಲಿ ಏನನ್ನೋ ಬದಲಿಸಿದ್ದ. ಆ ಸಲ ಗೆದ್ದೆ. ಗೆದ್ದ ಖುಷಿಯಲ್ಲಿ ಅವನು ಏನು ಮಾಡಿದನೆಂದು ಕೇಳಲೇ ಇಲ್ಲ. ಕಾಕಾ ಈಗಿಲ್ಲ.

ಬೆಳಿಗ್ಗೆ ಏಳಕ್ಕೆ ಅದೇ ಆಟದ ಆನ್‌ಲೈನ್ ಚಾಂಪಿಯನ್‌ಶಿಪ್ ಫೈನಲ್. ಮಗು ಮಲಗಿದಾಗಲೆಲ್ಲ ಆಡಿ ಇಲ್ಲಿಯವರೆಗೆ ಬಂದಿದ್ದೇನೆ. ದಾರಿ ಅಂದಿನಂತೆಯೇ ಅರ್ಧ ಕೆಸರು, ಅರ್ಧ ಕಲ್ಲು. ಅಂದು ಕಾಕಾ ಗಾಡಿಯ ಸ್ಪ್ರಿಂಗ್ ಬಿಗಿ ಮಾಡಿದನೇ? ಹಿಂದಿನ ಟೈರುಗಳ ಗಾಳಿಯನ್ನಷ್ಟೇ ಇಳಿಸಿದನೇ? ಎಲ್ಲ ಮಾಡಿ ನೋಡಿದೆ, ಕಲ್ಲಿನ ಮೇಲೆ ಗಾಡಿ ಉರುಳಿ ಬೀಳುತ್ತಲೇ ಇದೆ.

ಅಂದು ಅಂಗಡಿಯಲ್ಲಿ ಸರದಿಗೆ ಕಾದು ನನ್ನ ಹಿಂದೆ ನಿಂತಿದ್ದ ಗೆಳತಿಯರೇ, ಗೆಳೆಯರೇ, ನಾನು ಚಹಾಕ್ಕೆ ಹೋದಾಗ ಕಾಕಾನ ಕೈ ಏನು ಮಾಡಿತೆಂದು ನೋಡಿದವರು ನೀವೇ. ನನ್ನ ನಂಬರ್ ನಿಮ್ಮಲ್ಲಿದೆ. ದಯವಿಟ್ಟು, ಬೆಳಕು ಹರಿಯುವ ಮೊದಲು ಒಂದು ಫೋನ್ ಮಾಡಿ.