ಆಮೆ ಮಿರ್ಚಿ ತಿನ್ನುವುದಿಲ್ಲ

ನಮ್ಮ ಮನೆಯ ಟ್ಯೂಬ್‌ಲೈಟಿನ ಪಕ್ಕ ಒಂದು ಹಲ್ಲಿ ವಾಸವಾಗಿದೆ. ಇಡೀ ಚಿತ್ತವಾಡ್ಗಿಯಲ್ಲಿ ನಾನು ಮನಸಾರೆ ಗೌರವಿಸುವ ಜೀವಿ ಅದೊಂದೇ. ಸಂಡೂರಿನ ಅದಿರು ಆಫೀಸಿನಲ್ಲಿ ದಿನವಿಡೀ ಕೂತು, ಬಸ್ಸಿನಲ್ಲಿ ಕೂತು ಬಂದು, ಮನೆಯಲ್ಲಿ ಮತ್ತೆ ಕೂತಾಗ ಅದು ನಿನ್ನೆ ಸಂಜೆ ಇದ್ದಲ್ಲೇ ಇರುತ್ತದೆ. ಅದಕ್ಕೆ ಯಾರೂ ವಾಕಿಂಗ್ ಹೋಗು ಎನ್ನುವುದಿಲ್ಲ.

ನನಗೆ ಎನ್ನುತ್ತಾರೆ. ಡಾಕ್ಟರು ಒಮ್ಮೆ ಹೇಳಿ ಮರೆತರು. ನನ್ನ ಹೆಂಡತಿ ರೇಣುಕಾ ಆ ಮಾತನ್ನು ದತ್ತು ತೆಗೆದುಕೊಂಡು ಸಾಕುತ್ತಿದ್ದಾಳೆ. ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ನಡೆಯಬೇಕು, ಇಲ್ಲವಾದರೆ ಭಾನುವಾರ ಸಂಜೆಯ ಒಗ್ಗರಣೆ-ಮಿರ್ಚಿ ಬಂದ್. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ಇಡುವ ಈ ತಿಂಡಿಯ ಬೆಲೆ ನಮ್ಮ ಕಡೆಯವರಿಗೇ ಗೊತ್ತು. ಅದಿಲ್ಲದ ಭಾನುವಾರಕ್ಕೂ ಸೋಮವಾರಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಹೀಗೆ ಇಕ್ಕಟ್ಟಿನಲ್ಲಿದ್ದಾಗ ಮೊಬೈಲಿನಲ್ಲಿ ವಿಜ್ಞಾನ ಕೈಹಿಡಿಯಿತು. ಪ್ರತಿ ಪ್ರಾಣಿಯ ಮೈಯಲ್ಲೂ ಒಂದು ಒಲೆ ಇದೆಯಂತೆ. ಅದು ಧಗಧಗ ಉರಿದರೆ ಬೆಳವಣಿಗೆ ಬೇಗ, ಆಯಸ್ಸು ಮೊಟಕು. ಇಲಿ ಗಡಿಬಿಡಿಯಲ್ಲಿ ಬೆಳೆದು, ಗಡಿಬಿಡಿಯಲ್ಲಿ ಸಂಸಾರ ಮಾಡಿ, ಗಡಿಬಿಡಿಯಲ್ಲೇ ಹೊರಟುಹೋಗುತ್ತದೆ. ಆಮೆ ಸಾವಕಾಶವಾಗಿ ಬೆಳೆಯುತ್ತ ಆ ಇಲಿಯ ಮರಿಮಕ್ಕಳ ಕಾಲವನ್ನೂ ನೋಡುತ್ತದೆ. ಶಕ್ತಿಯನ್ನೆಲ್ಲ ಮೈ ಬೆಳೆಸುವುದಕ್ಕೇ ಸುರಿದರೆ ಮೈಯ ರಿಪೇರಿಗೆ ಏನೂ ಉಳಿಯುವುದಿಲ್ಲವಂತೆ. ಅಂದರೆ ನಾನು ಸೋಮಾರಿಯಲ್ಲ, ಆಯಸ್ಸನ್ನು ಜೋಪಾನ ಮಾಡುತ್ತಿರುವ ಪ್ರಾಣಿ.

ಶನಿವಾರ ಊಟಕ್ಕೆ ಕೂತಾಗ ಇದನ್ನು ಮಂಡಿಸಿದೆ. ಎಮ್ಮಿಗನೂರಿನಿಂದ ನಮ್ಮ ಅತ್ತೆ, ಅಂದರೆ ರೇಣುಕಾಳ ತಾಯಿ, ಬಂದಿದ್ದರು. ಬದುಕಿಡೀ ಗದ್ದೆಯಲ್ಲಿ ಬಗ್ಗಿ ಭತ್ತ ನಾಟಿ ಮಾಡಿದವರು. ಹೋದ ತಿಂಗಳು ಹಂಪಿಗೆ ಹೋದಾಗ ಮಗಳ ಜೊತೆ ಮಾತಂಗ ಬೆಟ್ಟ ಹತ್ತಿ ಇಳಿದರು. ನಾನು ಕೆಳಗೆ ಕೂತು ಅವರ ಚಪ್ಪಲಿ ಕಾದೆ. ಆದರೂ ಧೈರ್ಯ ಮಾಡಿ ದರೋಜಿ ಕರಡಿಧಾಮದ ಕರಡಿಯನ್ನೂ ಎಳೆದು ತಂದೆ: ಹಗಲೆಲ್ಲ ಗುಹೆಯಲ್ಲಿ ಬಿದ್ದುಕೊಂಡಿದ್ದು, ಬಂಡೆಗೆ ಸವರಿದ ಬೆಲ್ಲ ನೆಕ್ಕಲು ಸಂಜೆ ಹೊರಬರುತ್ತದೆ, ಅದನ್ನು ನೋಡಲು ಜನ ಟಿಕೆಟ್ ತೆಗೆಸುತ್ತಾರೆ. ನಾನು ಅದೇ ವೇಳಾಪಟ್ಟಿ ಪಾಲಿಸಿದರೆ ಮನೆಯಲ್ಲಿ ಮರ್ಯಾದೆ ಇಲ್ಲ. ರೇಣುಕಾ ತಲೆಯಾಡಿಸುತ್ತ ಸಾರು ಬಡಿಸಿದಳು. ಗೆದ್ದೆ ಅಂದುಕೊಂಡೆ.

ಭಾನುವಾರ ಸಂಜೆ ಅಡುಗೆಮನೆಯಿಂದ ಬಜ್ಜಿ ಕರಿಯುವ ವಾಸನೆ ಬಂತು. ನನ್ನ ತಟ್ಟೆ ಮಾತ್ರ ಸೌತೆಕಾಯಿ ಹೋಳು, ಒಂದಿಷ್ಟು ಮೆಂತ್ಯೆಸೊಪ್ಪು ಹೊತ್ತು ಬಂತು.

“ಇದೇನು?”

“ಆಮಿ ಎಲ್ಲ್ಯಾರ ಮಿರ್ಚಿ ತಿಂತೈತೇನ್ರಿ?” ಎಂದಳು ರೇಣುಕಾ. “ಒಲಿ ಸಣ್ಣಗ ಉರೀಬೇಕಂದ್ರ ಕಟಗಿನೂ ಕಡಿಮಿ ಹಾಕ್ಬೇಕು.”

ಅತ್ತೆ ಮಿರ್ಚಿ ಕಚ್ಚುತ್ತ ನನ್ನ ಹೊಟ್ಟೆಯನ್ನೇ ನೋಡಿದರು. “ಬೆಳಿಯಾದು ನಿಧಾನ ಇರ್ಬೇಕಂದ್ರು. ಅಳಿಯಂದ್ರು ಜಲ್ದಿ ಜಲ್ದಿ ಬೆಳಿಯಾಕತ್ತಾರಲ್ಲವ್ವ.”

ನಾನು ಇಲ್ಲಿಗೆ ಬಾಯಿ ಮುಚ್ಚಬೇಕಿತ್ತು. ತಿಳಿದದ್ದನ್ನೆಲ್ಲ ಹೇಳುವ ಚಟ ಬಿಡಲಿಲ್ಲ. ಈ ನಿಯಮ ಎಲ್ಲ ಕಡೆ ನಡೆಯುವುದಿಲ್ಲ, ಹಕ್ಕಿಗಳು ಶಕ್ತಿಯನ್ನು ಧಾರಾಳವಾಗಿ ಸುಟ್ಟು ಹಾರಿದರೂ ತಮ್ಮಷ್ಟೇ ತೂಕದ ಇಲಿಗಿಂತ ಹೆಚ್ಚು ಬದುಕುತ್ತವೆ, ಎಂದುಬಿಟ್ಟೆ.

“ಹಂಗಾದ್ರ ಹಾರ್ರಿ,” ಎಂದಳು ರೇಣುಕಾ. “ಯಾರು ಬ್ಯಾಡ ಅಂದಾರ?”

ಅತ್ತೆ ನಕ್ಕು ನಕ್ಕು ನೆತ್ತಿಗೇರಿಸಿಕೊಂಡರು. ಅವರಿಗೆ ನೀರು ಕೊಟ್ಟು ಬಂದ ರೇಣುಕಾ ನನ್ನ ಪಕ್ಕ ಕೂತಳು. ದನಿ ಇಳಿದಿತ್ತು. “ನೀವು ಭಾಳ ವರ್ಷ ಇರ್ಬೇಕ್ರಿ. ಅದ್ಕ ನಾನು ಬಡಕೊಳ್ಳಾದು. ಆದ್ರ ಕೆಳಗ ಚಪ್ಪಲಿ ಕಾಯ್ಕೋಂತ ಅಲ್ಲ. ನನ್ ಜೋಡಿ ಗುಡ್ಡ ಹತ್ಕೋಂತ ಇರ್ಬೇಕು.”

ಆಯಸ್ಸನ್ನು ಉದ್ದ ಮಾಡುವ ಲೆಕ್ಕದಲ್ಲಿ, ಅದನ್ನು ಯಾರ ಜೊತೆ ಕಳೆಯಬೇಕೆಂಬುದನ್ನೇ ಬಿಟ್ಟಿದ್ದೆ. ನಾಚಿಕೆಯಾಯಿತು. ಒಂದು ಆಸರೆಗಾಗಿ ಟ್ಯೂಬ್‌ಲೈಟಿನ ಪಕ್ಕದ ನನ್ನ ಗುರುವಿನ ಕಡೆ ನೋಡಿದೆ.

ಅದು ಲೊಚಲೊಚ ಅಂತು.

ಹಲ್ಲಿ ಲೊಚಗುಟ್ಟಿದರೆ ಆಗಷ್ಟೇ ಆಡಿದ ಮಾತು ಸತ್ಯ. ನಮ್ಮಲ್ಲಿ ಅದಕ್ಕೆ ಅಪೀಲಿಲ್ಲ. ಅತ್ತೆ ಬೆರಳಿನಿಂದ ನೆಲ ತಟ್ಟಿ, “ನೋಡವ್ವ, ಹಲ್ಲಿನೂ ಹೌದಂತು,” ಎಂದರು. ಇಷ್ಟು ದಿನ ಅಲುಗಾಡದೆ ಕೂಡಿಟ್ಟ ಶಕ್ತಿಯನ್ನೆಲ್ಲ ಅದು ನನ್ನ ವಿರುದ್ಧ ಸಾಕ್ಷಿ ಹೇಳುವುದಕ್ಕೇ ಉಳಿಸಿಕೊಂಡಿತ್ತು.

ಈಗ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ನಡೆಯುತ್ತೇನೆ. ಹಕ್ಕಿಯಂತೆ ಎಂದರೆ ಹಕ್ಕಿಗಳು ಬೇಜಾರು ಮಾಡಿಕೊಂಡಾವು. ಮೊನ್ನೆ ಭಾನುವಾರ ರೇಣುಕಾ ಒಂದು ಮಿರ್ಚಿ ಮುರಿದು, ಅರ್ಧ ನನ್ನ ತಟ್ಟೆಗೆ ಹಾಕಿದಳು.

“ಇದು ಬೆಳಿಯಾಕಲ್ರಿ,” ಎಂದಳು. “ರಿಪೇರಿಗೆ.”

ಉಳಿದರ್ಧ ಅವಳು ತಿಂದಳು. ಮಾತಂಗ ಬೆಟ್ಟಕ್ಕೆ ಹೋಗುವುದು ಮುಂದಿನ ವಾರವಂತೆ. ಚಪ್ಪಲಿ ಕಾಯಲು ಬೇರೆ ಯಾರನ್ನಾದರೂ ನೋಡಬೇಕು.